ಕಂಪ್ಲಿ ಬಂಕಿನ ಬಿಳಿ ಚೀಟಿ

ಚೀಟಿ ಸಿಕ್ಕಿದ್ದು ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ, ಮುಂಗಾಜಿನ ಕೆಳಗೆ. ಹಳೆಯ ಚೀಟಿಗಳ ಗುಡ್ಡೆ ಒಂದು ಸ್ಪ್ಯಾನರಿನ ಭಾರಕ್ಕೆ ಅಲ್ಲಿ ಮಲಗಿತ್ತು. ಎಲ್ಲಕ್ಕೂ ಮೇಲಿನದನ್ನು ಪ್ರೊಫೆಸರ್ ಪಾಲಪ್ಪ ಎತ್ತಿ ಹಿಡಿದರು.

"ನೋಡ್ರಿ ಮೇಡಂ. ಏಪ್ರಿಲ್ ಒಂಬತ್ತು, ಸಂಜಿ. ಕಂಪ್ಲಿ ಬಂಕು. ಹನ್ನೊಂದು ಸಾವಿರದ ನಾಕ್ನೂರು ರೂಪಾಯಿ ಡೀಸೆಲ್."

ರೇಣುಕಾದೇವಿ ನೋಡಿದರು. ಅವರು ವಿಶ್ವವಿದ್ಯಾಲಯದ ಆಂತರಿಕ ಲೆಕ್ಕಪರಿಶೋಧಕಿ. ಯಾರೂ ಚಹಾಕ್ಕೆ ಕರೆಯದ ಹುದ್ದೆ. ನಾಲ್ಕು ದಿನದ ಹಿಂದೆ ಬ್ಯಾಂಕಿನ ಪಟ್ಟಿ ಬಂದಿತ್ತು. ಪಾಲಪ್ಪನವರ ಹೆಸರಿಗೆ ವಿಶ್ವವಿದ್ಯಾಲಯ ಕೊಟ್ಟ ಪ್ರವಾಸ ಕಾರ್ಡಿನಲ್ಲಿ ಈ ಖರ್ಚಿತ್ತು, ಚೀಟಿ ಇರಲಿಲ್ಲ. ಅರವತ್ತು ಲೀಟರಿನ ಟ್ಯಾಂಕಿಗೆ ಇಷ್ಟು ಡೀಸೆಲ್ ಹಿಡಿಯುವುದೂ ಇಲ್ಲ.

"ಅವತ್ತು ಸಂಡೂರಿಗೆ ಹೋಗಿದ್ವಿ," ಎಂದರು ಪಾಲಪ್ಪ. "ವಾಪಸ್ ಬಂದಮ್ಯಾಲೆ ಕಾರ್ಡು ಜಂಬಯ್ಯನ ಹತ್ರನ ಉಳೀತು. ಪಿನ್ನೂ ಅವನಿಗೆ ಗೊತ್ತು. ನನಗ ಆ ಮಷೀನು ತಿಳಿಯಂಗಿಲ್ಲ."

ಡ್ರೈವರ್ ಜಂಬಯ್ಯ ಪಕ್ಕದಲ್ಲೇ ನಿಂತಿದ್ದ. "ಐದು ಗಂಟೆಕ್ಕ ನಿಮ್ಮ ಕೈಯಾಗ ಕೊಟ್ಟೆನಲ್ರೀ ಸಾರ್."

"ಸಹಿ ಐತೇನು?"

"ನಿಮ್ಮ ಕಾರ್ಡು ನಿಮಗ ಕೊಟ್ಟಿದ್ದಕ್ಕ ಸಹಿ ಕೇಳಿದ್ರ ಬಿಡ್ತಿದ್ರೇನ್ರಿ?"

ಜಂಬಯ್ಯ ಹನ್ನೊಂದು ವರ್ಷದಿಂದ ಗುತ್ತಿಗೆ ನೌಕರ. ಅವನನ್ನು ಕಾಯಂ ಮಾಡುವ ಫೈಲು ಕುಲಸಚಿವರ ಮೇಜಿನ ಮೇಲಿತ್ತು. ಸೋಮವಾರ ರೇಣುಕಾದೇವಿ ವರದಿ ಕೊಡಬೇಕು. ಅದರಲ್ಲಿ ಅವನ ಹೆಸರು ಬಂದರೆ ಕಾಯಂ ಆಗುವುದಿರಲಿ, ಇದ್ದ ಕೆಲಸವೂ ಹೋಗುತ್ತದೆ.

ಚೀಟಿಗಳನ್ನೆಲ್ಲ ಇದ್ದ ಕ್ರಮದಲ್ಲೇ ಕವರಿಗೆ ಹಾಕಿಕೊಂಡು ಅವರು ಕೋಣೆಗೆ ಬಂದರು. ಅಲ್ಲೊಂದು ಅಕ್ಕಿ ಚೀಲ. ಹಿಂದೆಯೇ ಪಾಲಪ್ಪ.

"ಐದು ಕಿಲೋ ಸೋನಾ ಮಸೂರಿ. ನಮ್ಮ ಅಕ್ಕನ ಹೊಲದ್ದು, ಮೊನ್ನೆ ಕೊಯ್ಲಾತು. ಶಿಷ್ಯೆ ಅಂತ ತಂದೆ, ಆಫೀಸರ್ ಅಂತ ಅಲ್ಲ."

ಎಂ.ಎ.ಯಲ್ಲಿ ಅವರಿಗೆ ಪುರಾತತ್ವ ಕಲಿಸಿದವರು ಪಾಲಪ್ಪನವರೇ. ಬೇಡವೆಂದು ವಾದಿಸಲೂ ರೇಣುಕಾದೇವಿಗೆ ತ್ರಾಣವಿರಲಿಲ್ಲ.

*

ಕಮಲಾಪುರದಲ್ಲಿ ಜಂಬಯ್ಯನ ಮನೆ. ಅಂಗಳದಲ್ಲಿ ಇನ್ನೂರು ಲೀಟರಿನ ನೀಲಿ ಡ್ರಮ್ಮು. ಕಂಪ್ಲಿಗೆ ಹೋಗುವ ದಾರಿಯಲ್ಲೇ ಮನೆ, ಮನೆಯಲ್ಲೇ ಡ್ರಮ್ಮು. ರೇಣುಕಾದೇವಿ ಮುಚ್ಚಳ ತೆಗೆದು ಮೂಸಿದರು.

"ಕುಡಿಯೋ ನೀರ್ರಿ ಅವು," ಎಂದಳು ಜಂಬಯ್ಯನ ಹೆಂಡತಿ ಯಲ್ಲಕ್ಕ. "ನಳ ಮೂರು ದಿನಕ್ಕೊಮ್ಮಿ ಬರ್ತೈತಿ. ಬೇಕಂದ್ರ ಒಂದು ಚರಿಗಿ ಕುಡೀರಿ."

ಕುಡಿದರು. ನೀರೇ.

"ಪಿನ್ ಹೆಂಗ ಗೊತ್ತಾತು ನಿನಗ?" ಎಂದು ಜಂಬಯ್ಯನನ್ನು ಕೇಳಿದರು.

ಅವನು ತನಗಿಲ್ಲದ ಕನ್ನಡಕವನ್ನು ಮೂಗಿನ ಮೇಲೇರಿಸಿದಂತೆ ಮಾಡಿದ. ದನಿ ಥೇಟ್ ಪಾಲಪ್ಪನವರದೇ. "'ಜಂಬಯ್ಯಾ, ಬರಕೋಬ್ಯಾಡಪ್ಪ, ನೆನಪಿಟ್ಕೋ. ವಿಜಯನಗರ ಹುಟ್ಟಿದ ಇಸವಿ. ಒಂದು ಮೂರು ಮೂರು ಆರು.'"

ರೇಣುಕಾದೇವಿ ಹಣೆ ಒತ್ತಿಕೊಂಡರು. ಹಂಪಿಯ ಅಷ್ಟೂ ಗೈಡುಗಳು ದಿನಕ್ಕೆ ಹತ್ತು ಸಲ ಕೂಗಿ ಹೇಳುವ ಪಿನ್ನು.

"ನಗಿಸೋದು ಸಾಕು," ಎಂದಳು ಯಲ್ಲಕ್ಕ ಗಂಡನಿಗೆ. "ಜೀಪಿನ ಕೀಲಿ ಕಸ್ಗೊಂಡು ನಾಕು ದಿನ ಆತು, ಅದನ್ನ ಹೇಳು."

"ಯಾರು ಕಸ್ಗೊಂಡ್ರು?"

"ಪಾಲಪ್ಪ ಸಾರೇ. ಇಪ್ಪತ್ತೈದನೇ ತಾರೀಖು."

*

ಮರುದಿನ ರೇಣುಕಾದೇವಿ ಕವರು ಬಿಚ್ಚಿ ಚೀಟಿಗಳನ್ನು ಸಾಲಾಗಿ ಹರಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕಂಪ್ಲಿ ಬಸ್ಸು ಹಿಡಿದರು.

ಬಂಕಿನ ದುರುಗೇಶ್ ಕೈ ಒರೆಸಿಕೊಂಡು ಬಂದ. ಕ್ಯಾಮೆರಾದಲ್ಲಿ ಹತ್ತು ದಿನಕ್ಕಿಂತ ಹಳೆಯದು ಉಳಿಯುವುದಿಲ್ಲ ಎಂದ.

"ಡ್ರಮ್ಮಿಗೆ ಹಾಕಿದ್ರ ಬರ್ಕೊಂತೀರೇನು?"

"ಬರ್ಕೊಂತೀವ್ರಿ. ಡ್ರಮ್ಮಿಗೆ ರೈತರಿಗಷ್ಟ ಕೊಡೋದು. ಹೆಸರು, ಊರು ಎರಡೂ ಬೇಕು."

ಎಣ್ಣೆ ಕುಡಿದ ನೋಟುಬುಕ್ಕು. ಏಪ್ರಿಲ್ ಒಂಬತ್ತು: ಗಾಳೆಮ್ಮ, ಮೆಟ್ರಿ, ಕೊಯ್ಲು ಯಂತ್ರಕ್ಕೆ.

"ಗಾಳೆಮ್ಮನೇ ಬಂದಿದ್ಲೇನು?"

"ಇಲ್ರಿ, ಆಕಿ ತಮ್ಮ. ಕನ್ನಡಕದಾರು. ಯೂನಿವರ್ಸಿಟಿನಾಗ ಹಳೇ ಕಲ್ಲು ಓದ್ತಾರಂತ. ನಂಬರ್ ಅವರೇ ಒತ್ತಿದ್ರು, ಭಾಳ ಜಲ್ದಿ."

*

ಪಾಲಪ್ಪನವರ ಕೋಣೆ. ಬಾಗಿಲ ಬಳಿ ಜಂಬಯ್ಯ. ರೇಣುಕಾದೇವಿ ಚೀಟಿಗಳನ್ನು ಮೇಜಿನ ಮೇಲಿಟ್ಟರು.

"ಸಾರ್, ನೀವು ಮಾಡಿದ ಮೊದಲ್ನೇ ಪಾಠ ಯಾವುದ್ರಿ?"

"ಪದರಿಂದು. ಕೆಳಗಿಂದು ಹಳೇದು, ಮ್ಯಾಲಿಂದು ಹೊಸದು."

"ಒಂಬತ್ತರ ಬೆಳಿಗ್ಗಿ ಸಂಡೂರಾಗ ಹಾಕಿಸಿದ ಡೀಸೆಲ್ ಚೀಟಿ ತಳದಾಗ ಐತಿ. ಅವತ್ತೇ ಸಂಜಿದು ಎಲ್ಲಕ್ಕಿಂತ ಮ್ಯಾಲೆ. ಅದರ ಕೆಳಗಿಂದು ಇಪ್ಪತ್ನಾಲ್ಕರದು."

"ಯಾರರ ತಗದು ಮ್ಯಾಲೆ ಇಟ್ಟಿರಬೇಕು."

"ಮನಷ್ಯಾರು ಹಂಗ ಇಟ್ಟಿರಬಹುದು. ಬಿಸಿಲು ಸುಳ್ಳು ಹೇಳಂಗಿಲ್ಲ. ಈ ಕಾಗದಕ್ಕ ಶಾಯಿ ಇಲ್ಲ ಸಾರ್, ಕಾವಿಗೆ ಅಕ್ಷರ ಮೂಡತಾವು. ಗಾಜಿನ ಕೆಳಗ ನಾಕು ದಿನ ಇಟ್ರ ಇಡೀ ಚೀಟೀನ ಕರ್ರಗಾಗಿ ತಾರೀಖು ಓದಾಕೂ ತ್ರಾಸಾಕ್ಕೈತಿ. ನೋಡ್ರಿ, ಎಲ್ಲಾ ಸುಟ್ಟ ಹಪ್ಪಳ ಆಗ್ಯಾವು. ಬಿಸಿಲಿಗೆ ಮುಖ ಕೊಟ್ಟು ಮಲಗಿದ್ದು ಮಾತ್ರ ಬೆಳ್ಳಗ. ಇಪ್ಪತ್ತು ದಿನ ಅದು ನೆಳ್ಳಾಗಿತ್ತು. ನಿನ್ನೆ ಜೀಪಿಗೆ ಬಂತು. ಕೀಲಿ ಇದ್ದದ್ದು ನಿಮ್ಮ ಹತ್ರ." ಉಸಿರು ಬಿಟ್ಟರು. "ಮೆಟ್ರಿ ಗಾಳೆಮ್ಮನ ಹೆಸರು ಬಂಕಿನ ಪುಸ್ತಕದಾಗ ಐತ್ರಿ."

ಪಾಲಪ್ಪ ಕನ್ನಡಕ ತೆಗೆದರು.

"ಎರಡು ತಿಂಗಳು ಸಂಬಳ ಆಗಿದ್ದಿಲ್ಲ ರೇಣುಕಾ. ಮೋಡ ಕಟ್ಟಿತ್ತು. ಡೀಸೆಲ್ ಹಾಕದಿದ್ರ ಯಂತ್ರದವ ಬೇರೆ ಊರಿಗೆ ಹೊಂಟಿದ್ದ. ಸಂಬಳ ಬಂದ ಕೂಡ್ಲೆ ಕಟ್ಟಿದ್ರಾತು ಅಂದ್ಕೊಂಡೆ. ಅಷ್ಟರಾಗ ನಿನ್ನ ಪಟ್ಟಿ ಬಂತು."

"ಅವತ್ತೇ ಹೇಳಿದ್ರ ರೊಕ್ಕ ಕಟ್ಟಿಸ್ಕೊಂಡು, ಕಾರ್ಡು ವಾಪಸ್ ಇಸ್ಕೊಂಡು ಮುಗಿಸ್ತಿದ್ದೆ. ನೀವು ಇವನ ಅನ್ನದ ಮ್ಯಾಲೆ ಚೀಟಿ ಇಟ್ರಿ."

ಪಾಲಪ್ಪ ಜಂಬಯ್ಯನ ಕಡೆ ನೋಡಲಿಲ್ಲ. ಡ್ರಾಯರಿನಿಂದ ಜೀಪಿನ ಕೀಲಿ ತೆಗೆದು ಮೇಜಿನ ತುದಿಗೆ ಸರಿಸಿದರು.

*

ಸೋಮವಾರ ವರದಿ ಹೋಯಿತು. ಅದರಲ್ಲಿ ಪಾಲಪ್ಪನವರ ಹೆಸರಿತ್ತು. ಬರೆಯುವಾಗ ರೇಣುಕಾದೇವಿ ಎರಡು ಸಲ ಪೆನ್ನು ಕೆಳಗಿಟ್ಟಿದ್ದರು.

ಸಂಜೆ ಜಂಬಯ್ಯನನ್ನು ಕರೆದು ಅಕ್ಕಿ ಚೀಲ ತೋರಿಸಿದರು. "ಇದನ್ನ ಪಾಲಪ್ಪ ಸಾರ್ ಮನೀಗೆ ಮುಟ್ಟಿಸು."

ಅವನು ಚೀಲ ಎತ್ತಲಿಲ್ಲ. ಜೇಬಿನಿಂದ ಹೊಸ ನೋಟುಬುಕ್ಕು ತೆಗೆದು, ನಾಲಿಗೆ ಕಚ್ಚಿಕೊಂಡು ಬರೆದ: ಅಕ್ಕಿ, ಐದು ಕಿಲೋ, ಚೀಲ ಬಿಚ್ಚಿಲ್ಲ.

"ನನ್ನ ಕೈಯಾಗ ಕೊಟ್ಟಿದ್ದಕ್ಕ ಇಲ್ಲೊಂದು ಸಹಿ ಮಾಡ್ರಿ ಮೇಡಂ."

ರೇಣುಕಾದೇವಿ ಸಹಿ ಮಾಡಿದರು. ತಾರೀಖನ್ನೂ ಹಾಕಿದರು.