ಕೈಗೆ ಕೊಟ್ಟ ಹಳೆ ಬೆಲ್ಟ್

ಮಾರ್ಚ್ 11, ಮಂಗಳವಾರ. ಮಧ್ಯಾಹ್ನ 2.20ಕ್ಕೆ ಹೊಸಕೋಟೆ ಠಾಣೆಗೆ ಓಡಿಬಂದ ವಾಚ್‌ಮನ್ ಮುನಿಸ್ವಾಮಿಯ ಪ್ಯಾಂಟಿನ ಮೊಣಕಾಲಿಗೆ ರಕ್ತ ಮೆತ್ತಿತ್ತು. ಪಿಲ್ಲಗುಂಪೆಯ ಖಾಸಗಿ ವಾಹನ ತಪಾಸಣಾ ಕೇಂದ್ರದಲ್ಲಿ ಹೊಗೆ ಪರೀಕ್ಷೆ ಮಾಡುವ ನರೇಶನನ್ನು ಊಟದ ಹೊತ್ತಿನಲ್ಲಿ ಯಾರೋ ಕೊಂದಿದ್ದರು. ಇನ್‌ಸ್ಪೆಕ್ಟರ್ ಮಮತ ದೂರು ಪಡೆದು, ಎಫ್‌ಐಆರ್ ದಾಖಲಿಸಿ, 3.05ಕ್ಕೆ ಸ್ಥಳ ತಲುಪಿದರು.

ಶವ ಮೇಜಿನ ಕೆಳಗಿತ್ತು. ಎಡಗಣ್ಣಿರಬೇಕಾದಲ್ಲಿ ಗುಳಿಯಷ್ಟೇ ಇತ್ತು. ದವಡೆ ಮುರಿದು ಕಿವಿಯತ್ತ ಸರಿದಿತ್ತು. ನೆಲದಲ್ಲಿ ಚೆಲ್ಲಿದ್ದ ಆಯಿಲ್ ರಕ್ತದೊಂದಿಗೆ ಬೆರೆಯದೆ, ಕೆಂಪು ಕೆರೆಯಲ್ಲಿ ಸಣ್ಣ ಕಪ್ಪು ನಡುಗಡ್ಡೆಗಳಂತೆ ನಿಂತಿತ್ತು. ಪಕ್ಕದ ವೀಲ್ ಸ್ಪ್ಯಾನರಿನ ತುದಿಗೆ ಕೂದಲು ಅಂಟಿತ್ತು. ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ನರಸಿಂಹಯ್ಯ ಗುರುತುಗಳನ್ನು ಎರಡು ಸಲ ಎಣಿಸಿದರು. ಮೈಮೇಲೆ ನಾಲ್ಕು ಏಟು. ಮೇಜು, ಗೋಡೆಗಳ ಮೇಲೆ ಏಳು.

“ಕುಡುಕನ ಕೆಲ್ಸ ಮೇಡಂ. ಎದುರಿಗಿದ್ದವನಿಗೇ ಗುರಿ ತಪ್ಪಿದೆ.”

ಮಮತ ಮುನಿಸ್ವಾಮಿಯತ್ತ ತಿರುಗಿದರು. “ಯಾರ ಜೊತೆ ಜಗಳ ಇತ್ತು?”

“ನೆನ್ನೆ ಉಮಾಶಂಕರ ಕಿರುಚಾಡಿದ್ದ. ಫ್ಯಾಕ್ಟರಿ ಹೆಂಗಸರನ್ನ ಕರ್ಕೊಂಡೋಗೋ ವ್ಯಾನ್ ಅವಂದು. ಎಫ್‌ಸಿಗೆ, ಅದೇ ಫಿಟ್‌ನೆಸ್ ಸರ್ಟಿಫಿಕೇಟಿಗೆ ತಂದಿದ್ದ. ಹೊಗೆ ನೋಡಕ್ಕೆ ನರೇಶ ಆಕ್ಸಿಲರೇಟರ್ ಪೂರ್ತಿ ಒತ್ತಿದ. ಟೈಮಿಂಗ್ ಬೆಲ್ಟ್ ಕಿತ್ಕೊಂಡು ಇಂಜಿನ್ನೇ ಹೋಯ್ತು. ‘ನಿನ್ ತಲೆ ಒಡೀತೀನಿ’ ಅಂದ್ಬಿಟ್ಟ. ಇವತ್ತು ಬೆಳಗ್ಗೆ ನರೇಶ ಆ ಬೆಲ್ಟ್ ಬಿಚ್ಚಿ ಇಲ್ಲೇ ಮೇಜಿನ ಮೇಲಿಟ್ಟಿದ್ದ.”

ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಜೀವವಿದ್ದಂತೆ, ಅಷ್ಟು ದೊಡ್ಡ ಇಂಜಿನ್ನಿನ ಜೀವ ಎರಡು ಬೆರಳಗಲದ ಆ ರಬ್ಬರಿನಲ್ಲಿತ್ತು. ಈಗ ಮೇಜಿನ ಮೇಲೆ ಅದು ಇರಲಿಲ್ಲ.

ಪೊಲೀಸರಿಗಿಂತ ಮೊದಲೇ ನರೇಶನ ಕಡೆಯವರು ಉಮಾಶಂಕರನನ್ನು ಹಿಡಿದಿದ್ದರು. ಬುಧವಾರ ಬೆಳಗ್ಗೆ 9ಕ್ಕೆ ವಿಚಾರಣೆಗೆ ಕೂತಾಗ ಅವನ ಎರಡು ಹಲ್ಲು ಹೋಗಿದ್ದವು. ಹೊರಗೆ ನಲವತ್ತು ಜನ ಅವನನ್ನು ತಮ್ಮ ಕೈಗೆ ಕೊಡಿ ಎಂದು ಕೂಗುತ್ತಿದ್ದರು.

“ನೆನ್ನೆ ಒಂದೂವರೆಗೆ ಎಲ್ಲಿದ್ದೆ?” ಮಮತ ಕೇಳಿದರು.

“ಮನೇಲಿ. ಒಬ್ನೇ ಇದ್ದೆ.”

“ಬೆಲ್ಟ್ ಯಾವಾಗ ಹಾಕ್ಸಿದ್ದೆ?”

“ದಸರಾ ಟೈಮಲ್ಲಿ, ಇಲ್ಲೇ ಪಕ್ಕದ ವಿಜಯಪುರದ ರಾಮಾಂಜಿನಪ್ಪ ಮೇಸ್ತ್ರಿ ಹತ್ರ. ಹೊಸದು ಹಾಕಿ ಹಳೇದು ನನ್ ಕೈಗೇ ಕೊಟ್ರು. ಕೊಟ್ಟಿಗೆ ಗೇಟಿಗೆ ಕಟ್ಟಿದೀನಿ, ಹೋಗಿ ನೋಡ್ಕೊಳಿ.”

ಬಿಚ್ಚಿದ ಹಳೆ ಸಾಮಾನನ್ನು ಗಿರಾಕಿಯ ಕೈಗಿಡುವುದು ಆ ಕಡೆಯ ಮೇಸ್ತ್ರಿಗಳ ಪದ್ಧತಿ. ರಸೀದಿಗಿಂತ ಅದನ್ನೇ ಜನ ನಂಬುತ್ತಾರೆ. ಮಧ್ಯಾಹ್ನ 12ರ ಹೊತ್ತಿಗೆ ನರಸಿಂಹಯ್ಯ ಗೇಟಿನ ಬೆಲ್ಟನ್ನೂ, ಅಂಗಡಿಯಿಂದ ಅದೇ ವ್ಯಾನಿನ ಹೊಸ ಬೆಲ್ಟನ್ನೂ ತಂದು ಅಕ್ಕಪಕ್ಕ ಹಾಸಿದರು. ಗೇಟಿನದು ಒಂದು ಗೇಣು ಚಿಕ್ಕದು. ಅದು ಬೇರೆ ಯಾವುದೋ ಗಾಡಿಯದು.

“ಚಿಕ್ಕದು ಅಂತ ಕಣ್ಣಿಗೆ ಕಾಣ್ಲಿಲ್ವೇನಯ್ಯಾ?” ಎಂದರು.

“ಬೆಲ್ಟ್ ಬೆಲ್ಟೇ ಅಲ್ವಾ ಸಾರ್?” ಒಡೆದ ಬಾಯಲ್ಲೇ ಉಮಾಶಂಕರ ಕೇಳಿದ.

ಅಷ್ಟರಲ್ಲಿ ನರೇಶನ ಫೋನಿನ ವಿವರ ಬಂತು. ಕೊನೆಯ ಕರೆ ಮಂಗಳವಾರ 12.50ಕ್ಕೆ, ರಾಮಾಂಜಿನಪ್ಪನಿಗೆ.

ಮಧ್ಯಾಹ್ನ 2.45, ವಿಜಯಪುರ. ಶೆಡ್ಡಿನಲ್ಲಿ ರಾಮಾಂಜಿನಪ್ಪ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಆದರೂ ಅರ್ಧ ಟೀ ಅಂಗಿಯ ಮೇಲಿತ್ತು. ಮಮತ ಆ ಕೈಗಳನ್ನು ನೋಡುತ್ತಾ ನಿಂತರು.

“ಏಳು ಏಟು ಸುಮ್ನೆ ಗೋಡೆ ಮೇಜಿಗೆ ಬಿತ್ತಲ್ಲ, ಮೇಸ್ತ್ರಿ.”

ಅವನು ಲೋಟ ಕೆಳಗಿಟ್ಟ. ಕೂತಿದ್ದ ಸೀಟಿನಡಿಯಿಂದ ಕಿತ್ತುಹೋದ ಬೆಲ್ಟನ್ನು ತೆಗೆದುಕೊಟ್ಟ. ಅದರ ಮಡಿಕೆಗಳಲ್ಲಿ ರಕ್ತ ಒಣಗಿತ್ತು.

“ವರ್ಷದಿಂದ ಕೈ ಹಿಂಗೆ. ಬೆಲ್ಟಿನ ಒಂದು ಹಲ್ಲು ಆಚೀಚೆ ಕೂತ್ರೂ ಇಂಜಿನ್ ಹೋಯ್ತು. ಹೆದರ್ಕೊಂಡು ಕವರ್ ಬಿಚ್ತಿದ್ದೆ, ಒಳಗಿನ ಬೆಲ್ಟ್ ಮುಟ್ದೆ ಹಂಗೇ ಮುಚ್ತಿದ್ದೆ. ಶೆಡ್ಡಲ್ಲಿ ಬಿದ್ದಿರೋ ಯಾವ್ದೋ ಬೆಲ್ಟ್ ಕೊಟ್ಟು ಕಳಿಸ್ತಿದ್ದೆ.”

“ಆಗಲ್ಲ ಅಂತ ಹೇಳ್ಬೋದಿತ್ತಲ್ಲ?”

“ಮೂವತ್ತು ವರ್ಷ ಯಾರಿಗೂ ಆಗಲ್ಲ ಅಂದೋನಲ್ಲ ಮೇಡಂ. ಬೆಲ್ಟ್ ಬದಲಾಯಿಸೇ ಇಲ್ಲ ಅಂತ ಗೊತ್ತಾಗಿ ನರೇಶ ಫೋನ್ ಮಾಡಿ ಕರೆಸ್ಕೊಂಡ, ಆ ಬೆಲ್ಟ್ ಹಿಡ್ಕೊಂಡು ನಕ್ಕ. ‘ನಾಳೆ ಡ್ರೈವರ್‌ಗಳ ಮುಂದೆ ಒಂದು ಬೆಲ್ಟ್ ಕೂರ್ಸು ಗುರು, ನೋಡೋಣ’ ಅಂದ. ಸ್ಪ್ಯಾನರ್ ಕೈಗೆ ಸಿಕ್ತು. ನಗೋದು ನಿಲ್ಸೋವರ್ಗೂ ಹೊಡ್ದೆ.”

ಮಮತ ಠಾಣೆಗೆ ಫೋನ್ ಮಾಡಿ, ಉಮಾಶಂಕರನನ್ನು ಪೊಲೀಸ್ ಜೀಪಿನಲ್ಲೇ ಮನೆ ತಲುಪಿಸಲು ಹೇಳಿದರು. 3.20ಕ್ಕೆ ನರಸಿಂಹಯ್ಯ ಬಂಧನದ ಮೆಮೊ ಬರೆಯತೊಡಗಿದರು.

“ಹಂಗೇ ಮುಚ್ಚಿದ ಗಾಡಿ ಇನ್ನೆಷ್ಟಿವೆ?” ಮಮತ ಕೇಳಿದರು.

“ಹತ್ತೊಂಬತ್ತು.”

“ನಂಬರ್?”

“ಒಂದೂ ಮರ್ತಿಲ್ಲ.” ರಾಮಾಂಜಿನಪ್ಪ ಗಡಿಯಾರದತ್ತ ನೋಡಿದ. “ಅದನ್ನ ಆಮೇಲೆ ಬರೀರಿ ಸಾರ್. ಮೊದ್ಲು ಸ್ಕೂಲ್ ವ್ಯಾನ್ ನಂಬರ್ ತಗೊಳಿ. ನಾಲ್ಕಕ್ಕೆ ಮಕ್ಳು ಹತ್ತುತಾರೆ.”

ನರಸಿಂಹಯ್ಯ ಅರ್ಧ ಬರೆದ ಮೆಮೊ ಬಿಟ್ಟು ವೈರ್‌ಲೆಸ್ ಕೈಗೆತ್ತಿಕೊಂಡರು.