ಗಿಳಿದೊಡ್ಡಿಯ ಬಿಂಬಪೆಟ್ಟಿಗೆ

ಬಲು ಹಿಂದೆ, ಬೆಟ್ಟಗಳಿಗೂ ಬಾಯಿದ್ದ ಕಾಲದಲ್ಲಿ, ಹವಳಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಗಿಡುಗಮಲ್ಲ ಎಂಬ ಮಾಂತ್ರಿಕನಿದ್ದ. ಅವನ ಮಂತ್ರವೆಲ್ಲ ಕಣ್ಣಲ್ಲಿ. ಎದುರು ಮಾತಾಡಿದವರ ಕಣ್ಣಿಗೆ ಕಣ್ಣಿಟ್ಟು ನೋಡಿದನೆಂದರೆ ಮುಗಿಯಿತು, ನಿಂತ ಮನುಷ್ಯ ಗಿಳಿಯಾಗಿ ನೆಲಕ್ಕೆ ಬೀಳುತ್ತಿದ್ದ. ಆ ಗಿಳಿಗಳನ್ನು ಪಂಜರಕ್ಕೆ ತುಂಬಿ ದೊಡ್ಡ ಮನೆಗಳಿಗೆ ಕಳಿಸುತ್ತಿದ್ದ. ದೊಡ್ಡ ಮನೆಯವರು ನಾಲ್ಕು ದಿನ ಮುದ್ದು ಮಾಡುವರು, ಹೇಳಿಕೊಟ್ಟ ಮಾತು ಆಡಿಸಿ ನಗುವರು. ಗಿಳಿ ಮಂಕಾಗಿ ತನ್ನ ಗರಿ ತಾನೇ ಕಿತ್ತುಕೊಳ್ಳತೊಡಗಿದರೆ ತಿಪ್ಪೆಗೆ ಎಸೆಯುವರು. ರಾಜ ಬೇಟೆಗೆ ಹೋದವನು ಬರಲಿಲ್ಲವೆಂದು ಡಂಗುರ ಸಾರಿಸಿ, ಸಿಂಹಾಸನದ ಮೇಲೂ ಗಿಡುಗಮಲ್ಲನೇ ಕಾಲಾಡಿಸುತ್ತ ಕೂತಿದ್ದ.

ಅದೇ ರಾಜ್ಯದ ಹುಲ್ಲುಗಾವಿ ಎಂಬ ಹಳ್ಳಿಯಲ್ಲಿ ದ್ಯಾವಣ್ಣ ಎಂಬ ಹುಡುಗನಿದ್ದ. ಗಟ್ಟಿ ಆಳು, ಅದಕ್ಕಿಂತ ಗಟ್ಟಿ ಬಾಯಿ. ಹೋರಿ ಹಿಡಿಯುವುದರಲ್ಲಿ ಅವನೇ ಮೊದಲು, ಹಿಡಿದೆ ಎಂದು ಹೇಳಿಕೊಳ್ಳುವುದರಲ್ಲಂತೂ ಅವನಿಗೆ ಎರಡನೆಯವನೇ ಇರಲಿಲ್ಲ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅಕ್ಕ ಈರಕ್ಕ. ಒಂದು ಸಂತೆಯ ದಿನ ಈರಕ್ಕ ಗಿಡುಗಮಲ್ಲನ ಮುಖಕ್ಕೇ, "ಜನರ ಬಾಯಿ ಮುಚ್ಚಿಸೋ ಬದಲು ನಿನ್ನ ಮೂಗು ಒರೆಸ್ಕೊ ಹೋಗು" ಅಂದಿದ್ದಳು. ಅವಳು ಗಿಳಿಯಾಗಿ ಮೂರು ವರ್ಷವಾಗುತ್ತ ಬಂದಿತ್ತು. ದ್ಯಾವಣ್ಣ ಊರೂರು ಅಲೆದು ಹುಡುಕಿ, ಕೊನೆಗೆ ಸಾತಜ್ಜಿಯ ಗಿಳಿದೊಡ್ಡಿಗೆ ಬಂದ.

ಸಾತಜ್ಜಿ ತಿಪ್ಪೆಗೆ ಬಿದ್ದ ಗಿಳಿಗಳನ್ನು ಆಯ್ದು ತಂದು ಸಾಕುವ ಮುದುಕಿ. ಅವಳ ಹತ್ತಿರ ಬೀಟೆ ಮರದ ಬಿಂಬಪೆಟ್ಟಿಗೆಯೊಂದಿತ್ತು. ಮುಂದೆ ಒಂದು ಗಾಜಿನ ಕಣ್ಣು, ಒಳಗೆ ಬೆಳ್ಳಿ ತಗಡು. ದಾರ ಎಳೆದರೆ ಕಣ್ಣು ತೆರೆಯುತ್ತದೆ. ಬಿಸಿಲಿದ್ದು, ಮೂರು ಎಣಿಸುವಷ್ಟು ಹೊತ್ತು ಗಿಳಿ ತಾನಾಗಿಯೇ ಗಾಜಿನೊಳಗೆ ನೋಡಿದರೆ ತಗಡಿನ ಮೇಲೆ ಮನುಷ್ಯಮುಖ ಮೂಡುತ್ತದೆ, ಗಿಳಿ ಮನುಷ್ಯನಾಗುತ್ತದೆ.

"ಎಷ್ಟೋ ಜನರನ್ನ ಬಿಡಿಸಿದೀನಿ ಮೊಗಾ. ಈಗ ಕೈ ನಡುಗ್ತದೆ. ಪೆಟ್ಟಿಗೆ ಅಲುಗಿದ್ರೆ ಬಿಂಬ ಕಲಸಿ ಹೋಗ್ತದೆ," ಅಂದಳು ಅಜ್ಜಿ. "ಇಡೀ ರಾಜ್ಯದಲ್ಲಿ ಇನ್ನು ಉಳಿದಿರೋದು ಈ ಮೂರೇ ಗಿಳಿ. ನಿನ್ನಕ್ಕ ಇದ್ರೆ ಇವುಗಳಲ್ಲೇ ಇರಬೇಕು. ಆದ್ರೆ ಮೂರು ವರ್ಷ ತುಂಬಿದ ಹೊತ್ತಿಗೆ ಗಿಳಿಗೆ ತಾನು ಯಾರು ಅನ್ನೋದೇ ಮರೆತು ಹೋಗ್ತದೆ. ಆಮೇಲೆ ಗಾಜು ತೋರಿಸಿದ್ರೂ ಅಷ್ಟೇ, ಗೋಡೆ ತೋರಿಸಿದ್ರೂ ಅಷ್ಟೇ."

ದ್ಯಾವಣ್ಣ ಬೆರಳು ಮಡಚಿ ಎಣಿಸಿದ. ಅಕ್ಕನಿಗೆ ಉಳಿದದ್ದು ಮೂರು ದಿನ. ಮೂರನೆಯ ದಿನ ಹೊತ್ತು ಮುಳುಗಿದರೆ ಅಕ್ಕ ಇಲ್ಲ.

"ಮೂರು ದಿನ ಯಾಕಜ್ಜಿ? ಹೋರಿ ಕೆಡವಿದ ಕೈ ಇದು. ಗಿಳಿ ಯಾವ ಲೆಕ್ಕ? ಉಣ್ಣೋ ಹೊತ್ತಿಗೆ ಮುಗಿಸ್ತೀನಿ" ಅಂದ.

ಮೂರು ಗಿಳಿಗಳಲ್ಲಿ ಒಂದು ಎದೆಯ ಗರಿಯೆಲ್ಲ ಕಿತ್ತುಕೊಂಡು ಬೋಳಾಗಿತ್ತು. ಒಂದು ಹತ್ತಿರ ಬಂದವರನ್ನೆಲ್ಲ ಕಚ್ಚುತ್ತಿತ್ತು. ಇನ್ನೊಂದು ಬೆಳಗಿನಿಂದ ಬೈಗಿನ ತನಕ "ದೊರೆಗೆ ಜಯವಾಗಲಿ! ದೊರೆಗೆ ಜಯವಾಗಲಿ!" ಎಂದು ಒದರುತ್ತಿತ್ತು.

ಮೊದಲನೆಯ ದಿನ ದ್ಯಾವಣ್ಣ ಬೋಳುಗಿಳಿಯನ್ನೇ ಆರಿಸಿಕೊಂಡ. ಪೆಟ್ಟಿಗೆ ಎತ್ತಿ ಎದೆಗಿಟ್ಟು, ನೇರ ನುಗ್ಗಿ, ಗಾಜನ್ನು ಅದರ ಮೂತಿಗೇ ಹಿಡಿದು ದಾರ ಎಳೆದ. ಗಿಳಿ ಕಿಟಾರನೆ ಕಿರುಚಿತು. ಎಡ ರೆಕ್ಕೆ ಬಿಳಿಚಿ, ಬಿಗಿದು, ಕಲ್ಲಾಯಿತು. ಆ ಭಾರಕ್ಕೆ ಗಿಳಿ ಕೊಂಬೆಯಿಂದ ಧೊಪ್ಪನೆ ಬಿತ್ತು.

ಅಜ್ಜಿ ಓಡಿ ಬಂದು ದ್ಯಾವಣ್ಣನ ಬೆನ್ನಿಗೆ ಒಂದು ಗುದ್ದಿದಳು. "ಕೋಳಿ ಹಿಡಿಯೋಕೆ ಬಂದ್ಯೇನೋ, ಬಡ್ಡೀಮಗನೆ! ನೇರ ನುಗ್ಗೋದು ಯಾರು? ರೆಪ್ಪೆ ಬಡೀದೆ ನೋಡೋದು ಯಾರು? ಗಿಡುಗ! ಇನ್ನೊಂದು ಸಲ ಹಿಂಗೆ ಹೆದರಿಸಿದ್ರೆ ಪೂರ್ತಿ ಕಲ್ಲಾಗ್ತದೆ, ನೆನಪಿಟ್ಕೊ. ಗಿಳಿ ಹತ್ರ ಹೋಗೋನು ಪಕ್ಕಕ್ಕೆ ತಿರುಗಿ ಕೂರಬೇಕು, ಕಣ್ಣು ಕೆಳಗೆ ಹಾಕಬೇಕು. ತಾನು ಮೊದಲು ತಿಂದು ತೋರಿಸಬೇಕು. ಕಚ್ಚಿದ್ರೆ ಕೈ ಎಳ್ಕೋಬಾರದು. ಕರೆಯೋದು ನಿನ್ನ ಕೆಲಸ, ಬರೋದು ಅದರ ಇಷ್ಟ."

ದ್ಯಾವಣ್ಣ ಪೆಟ್ಟಿಗೆ ಕೆಳಗಿಟ್ಟ. ಅಂದು ಕೊಂಬೆಗಳ ಹಿಕ್ಕೆ ಕೆರೆದ, ನೀರು ಬದಲಿಸಿದ. ಬೋಳುಗಿಳಿ ಮತ್ತೆ ಬೀಳದಿರಲೆಂದು ಅದರ ಕಲ್ಲುರೆಕ್ಕೆಯ ಕೆಳಗೆ ಅಂಗೈ ಕೊಟ್ಟು, ಮುಖ ಪಕ್ಕಕ್ಕೆ ತಿರುಗಿಸಿ, ಹೊತ್ತು ಇಳಿಯುವ ತನಕ ಅಲ್ಲಾಡದೆ ಕೂತ. ಗಿಳಿ ನಡುಗುತ್ತಲೇ ಇತ್ತು.

ಎರಡನೆಯ ದಿನ ಕಚ್ಚುವ ಗಿಳಿಯ ಪಕ್ಕ ಕೂತ. ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಹಸಿಮೆಣಸಿನಕಾಯಿ ಕಚ್ಚಿದ. ಕಣ್ಣಲ್ಲಿ, ಮೂಗಲ್ಲಿ ನೀರು ಕಿತ್ತುಬಂತು. ಗಿಳಿ ಸರಿದು ಬಂದು ಉಳಿದರ್ಧ ಕಸಿದುಕೊಂಡು ಸಕ್ಕರೆಯ ಹಾಗೆ ತಿಂದಿತು. "ಖಾರ ಅದಕ್ಕೆ ಹತ್ತಲ್ಲ ಕಣೋ, ನಿನಗೆ ಮಾತ್ರ" ಎಂದು ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು. ಗಿಳಿ ಮೆಣಸಿನಕಾಯಿ ಮುಗಿಸಿ ಅವನ ಹೆಬ್ಬೆರಳಿಗೆ ಬಾಯಿ ಹಾಕಿತು. ರಕ್ತ ಚಿಮ್ಮಿತು. ದ್ಯಾವಣ್ಣ ಹಲ್ಲು ಕಚ್ಚಿಕೊಂಡ, ಕೈ ಎಳೆಯಲಿಲ್ಲ. ಬೆರಳು ಹಿಡಿದುಕೊಂಡೇ ಗಿಳಿ ಬಗ್ಗಿ, ಒಂದು ಕಣ್ಣಿಂದ ಗಾಜಿನೊಳಗೆ ಇಣುಕಿತು. ದ್ಯಾವಣ್ಣ ಇನ್ನೊಂದು ಕೈಯಿಂದ ದಾರ ಎಳೆದ. ಒಂದು, ಎರಡು, ಮೂರು!

ಆಳೆತ್ತರದ, ಗಿರಿಜಾ ಮೀಸೆಯ ದಳವಾಯಿಯೊಬ್ಬ ಅವನ ಪಕ್ಕದಲ್ಲಿ ಕೂತಿದ್ದ. ಹೆಬ್ಬೆರಳು ಇನ್ನೂ ಅವನ ಬಾಯಲ್ಲೇ ಇತ್ತು.

"ಸ್ವಾಮೀ, ಈಗಲಾದ್ರೂ ಬಿಡ್ರೀ!" ಅಂತ ದ್ಯಾವಣ್ಣ ಕೂಗಿದ.

ದಳವಾಯಿ ಚಂದ್ರಪ್ಪನಾಯಕ ನಾಚಿ ಬಾಯಿ ಬಿಟ್ಟ. ಆದರೆ ದ್ಯಾವಣ್ಣನ ಮುಖದ ನಗು ಬಹಳ ಹೊತ್ತು ಉಳಿಯಲಿಲ್ಲ. ಉಳಿದದ್ದು ಎರಡು. ದೊರೆಗೆ ಜಯ ಕೂಗುವ ಗಂಟಲು ಅವನ ಅಕ್ಕನದಲ್ಲ, ಪ್ರಾಣ ಹೋದರೂ ಅವಳು ಕೂಗುವವಳಲ್ಲ. ಹಾಗಾದರೆ ಅಕ್ಕ ಯಾರು? ತಾನೇ ಹೆದರಿಸಿ, ತಾನೇ ರೆಕ್ಕೆ ಕಲ್ಲು ಮಾಡಿದ ಬೋಳುಗಿಳಿ.

ಮೂರನೆಯ ದಿನ ಬೆಳಗಿನಿಂದ ಬೋಳುಗಿಳಿಯ ಪಕ್ಕ ಕೂತ. ಅದು ಪೆಟ್ಟಿಗೆ ಕಂಡೊಡನೆ ಮೂಲೆಗೆ ಒತ್ತಿಕೊಂಡಿತು. ಸೀಬೆ ತಿಂದು ತೋರಿಸಿದ, ಬರಲಿಲ್ಲ. ಮೆಣಸಿನಕಾಯಿ ತಿಂದು ತೋರಿಸಿದ, ಬರಲಿಲ್ಲ. ಹೊತ್ತು ನೆತ್ತಿ ದಾಟಿ ವಾಲಿತು. ಆಗ ದೊಡ್ಡಿಯ ಗೋಡೆಯ ಮೇಲೆ ಒಂದು ಗಿಳಿ ಬಂದು ಕೂತಿತು. ಪಚ್ಚೆಯಂಥ ಮೈ, ಹವಳದಂಥ ಕೊಕ್ಕು, ಒಂದು ಗರಿಯೂ ಕದಲಿರಲಿಲ್ಲ.

"ತಮ್ಮಾ, ದ್ಯಾವಾ," ಅಂದಿತು. ಥೇಟ್ ಈರಕ್ಕನ ದನಿ. "ಆ ಬೋಳುಮುಂಡೇದು ಬರೀ ಗಿಳಿ ಕಣೋ. ನಿನ್ನಕ್ಕ ನಾನು. ಹೊತ್ತು ಇಳೀತಿದೆ. ಪೆಟ್ಟಿಗೆ ತಗೊಂಡು ಬಾ, ನನ್ನ ಮುಖ ನೋಡು."

ದ್ಯಾವಣ್ಣ ಪೆಟ್ಟಿಗೆ ಎತ್ತಿಕೊಂಡ. ಎದ್ದ. ಆದರೆ ಮೂರು ದಿನದ ಅಭ್ಯಾಸ: ಗಿಳಿಯ ಹತ್ತಿರ ಪಕ್ಕಕ್ಕೆ ತಿರುಗಿ, ಕಣ್ಣು ಕೆಳಗೆ ಹಾಕಿಯೇ ಹೋದ. ಹಾಗಾಗಿ ಅವನಿಗೆ ಕಂಡದ್ದು ಗಿಳಿಯ ಮುಖವಲ್ಲ, ಪಾದ. ಅವನು ಕೊಂಬೆ ಕೆರೆಯುವಾಗೆಲ್ಲ ಗಿಳಿಪಾದ ನೋಡಿದ್ದ. ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಇದರದು ಮೂರು ಮುಂದಕ್ಕೆ, ಒಂದು ಹಿಂದಕ್ಕೆ. ಗಿಡುಗನ ಪಾದ!

"ಮುಖ ಎತ್ತೋ ತಮ್ಮಾ," ಅಂದಿತು ಅದು. "ಅಕ್ಕನ್ನ ನೋಡೋಕೆ ನಾಚಿಕೆಯಾ?"

"ನಾಚಿಕೆ ಅಲ್ಲಕ್ಕಾ," ಅನ್ನುತ್ತ ದ್ಯಾವಣ್ಣ ಪೆಟ್ಟಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟ. "ಅಳು ಬರ್ತಿದೆ. ಒಂಚೂರು ಕಣ್ಣೊರೆಸ್ಕೋತೀನಿ ಇರು." ಹೆಗಲ ಮೇಲಿನ ಟವಲು ತೆಗೆದವನೇ ಗಿಳಿಯ ಮೇಲೆ ಎಸೆದು ಅವುಚಿ ಹಿಡಿದ.

ಟವಲಿನೊಳಗೆ ಗಿಳಿ ಉಬ್ಬಿತು, ನಾಯಿಯಷ್ಟಾಯಿತು, ಕರುವಿನಷ್ಟಾಯಿತು. ಉಗುರು ಬಟ್ಟೆ ಹರಿದು ಅವನ ತೋಳಿಗೆ ಇಳಿಯಿತು. "ಕಣ್ಣು ಬಿಡಿಸೋ! ನಿನ್ನನ್ನ ಸಾಮಂತ ಮಾಡ್ತೀನಿ! ಕಣ್ಣು ಬಿಡಿಸೋ!" ಎಂದು ಗಿಡುಗಮಲ್ಲ ಗರ್ಜಿಸಿದ. ದ್ಯಾವಣ್ಣ ಕೈ ಎಳೆದುಕೊಳ್ಳಲಿಲ್ಲ. ದಳವಾಯಿ ಹಾರಿ ಬಂದು ಹಗ್ಗ ಸುತ್ತಿದ, ಅಜ್ಜಿ ಕಂಬಳಿ ತಂದು ತಲೆಗೆ ಬಿಗಿದಳು. ಕಣ್ಣು ಕತ್ತಲಾದೊಡನೆ ಮಾಂತ್ರಿಕನ ಮಂತ್ರ ನಿಂತಿತು. ಮೈ ಕುಗ್ಗಿ, ದನಿ ಕುಗ್ಗಿ, ಮೂಟೆಯ ಹಾಗೆ ಬಿದ್ದ.

"ಮೊಗಾ, ಹೊತ್ತು!" ಅಂದಳು ಅಜ್ಜಿ.

ಸೂರ್ಯ ಬೆಟ್ಟದ ಭುಜಕ್ಕೆ ತಗುಲಿದ್ದ. ದೊಡ್ಡಿಯಲ್ಲಿ ಉಳಿದದ್ದು ಒಂದು ಮಾರು ಬಿಸಿಲು. ದ್ಯಾವಣ್ಣ ಆ ಬಿಸಿಲಿನಲ್ಲಿ ಬೋಳುಗಿಳಿಗೆ ಬೆನ್ನು ಮಾಡಿ ಕೂತ. ಗಾಜಿನ ಕಣ್ಣು ಹಿಂದಕ್ಕಿರುವಂತೆ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟು ಹಿಡಿದ. ತೋಳಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಅಕ್ಕಾ," ಅಂದ ಮೆಲ್ಲಗೆ. "ನನಗೆ ಭಯ ಆಗ್ತಿದೆ. ನೀನು ಬರ್ದೇ ಹೋದ್ರೆ ನಾನೇನು ಮಾಡ್ಲಿ, ಗೊತ್ತಿಲ್ಲ. ಅವತ್ತು ಹಂಗೆ ನುಗ್ಗಿದ್ದು ತಪ್ಪಾಯ್ತು. ಬಾ ಅಂತ ಬಲವಂತ ಮಾಡಲ್ಲ. ಇಲ್ಲೇ ಕೂತಿರ್ತೀನಿ."

ಹಿಂದೆ ಏನೋ ಧೊಪ್ಪನೆ ಬಿದ್ದ ಸದ್ದಾಯಿತು. ಆಮೇಲೆ ಕಲ್ಲು ನೆಲಕ್ಕೆ ಉಜ್ಜುವ ಸದ್ದು. ಗಿಳಿ ರೆಕ್ಕೆ ಎಳೆದುಕೊಂಡು ಬರುತ್ತಿತ್ತು. ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ. ಕೊಕ್ಕು ಅವನ ಅಂಗಿಯ ಅಂಚು ಕಚ್ಚಿತು. ಒಂದು ಹೆಜ್ಜೆ ಹತ್ತಿತು, ಜಾರಿತು. ಮತ್ತೆ ಕಚ್ಚಿತು, ಮತ್ತೆ ಹತ್ತಿತು. ಬಿಸಿಲು ಮಂಡಿಯಿಂದ ಎದೆಗೆ, ಎದೆಯಿಂದ ಕೊರಳಿಗೆ ಏರಿತು. ಕಡೆಗೆ ಹೆಗಲ ಮೇಲೆ ಭಾರ ಕೂತಿತು. ಗಾಜಿಗೆ ಕೊಕ್ಕು ಟಕ್ಕೆಂದು ತಾಗಿತು.

ದ್ಯಾವಣ್ಣ ದಾರ ಎಳೆದ. ಒಂದು. ಎರಡು. ಬಿಸಿಲಿನ ಕೊನೆಯ ಎಳೆ ಗಾಜಿನಿಂದ ಜಾರುತ್ತಿತ್ತು. ಮೂರು.

ಹೆಗಲ ಮೇಲೆ ಕೈಯಿತ್ತು, ಮನುಷ್ಯರ ಕೈ.

"ಎಷ್ಟು ಸೊರಗಿದೀಯೋ ದ್ಯಾವಾ," ಅಂದಳು ಈರಕ್ಕ. "ಹೊತ್ತು ಹೊತ್ತಿಗೆ ಉಂಡಿಲ್ವಾ?" ದ್ಯಾವಣ್ಣ ಅವಳ ಮಡಿಲಿಗೆ ಮುಖ ಹಾಕಿ ಗೊಳೋ ಎಂದು ಅತ್ತ. ಅವಳ ಎಡಗೈ ಇನ್ನೂ ಕಲ್ಲಾಗಿಯೇ ಇತ್ತು.

ಮಾರನೆಯ ಬೆಳಿಗ್ಗೆ ಜಯ ಕೂಗುವ ಗಿಳಿಯ ಸರದಿ. ಅದು ಸಂಜೆಯ ತನಕ ಕಾಯಿಸದೆ, ತಾನೇ ಬಂದು ಗಾಜಿನೊಳಗೆ ನೋಡಿತು. ಎದುರಿಗೆ ನಿಂತವನು ಹವಳಕೋಟೆಯ ರಾಜ! ಅವನ ಅರಮನೆಯಲ್ಲೇ ಅವನನ್ನು ಪಂಜರದಲ್ಲಿಟ್ಟು, ಗಿಡುಗಮಲ್ಲ ತನಗೆ ಜಯ ಕೂಗಿಸಿಕೊಂಡು, ಬೇಸರವಾದಾಗ ತಿಪ್ಪೆಗೆ ಎಸೆದಿದ್ದ. ಕೊನೆಯ ಸೆರೆ ಬಿಟ್ಟ ಗಳಿಗೆಗೆ ಮಾಟವು ಮಾಡಿದವನಿಗೇ ತಿರುಗಿತು. ಈರಕ್ಕನ ಕೈಗೆ ರಕ್ತ ಹರಿದು ಬೆಚ್ಚಗಾಯಿತು. ಕಂಬಳಿ ಬಿಚ್ಚಿ ನೋಡಿದರೆ ಒಳಗಿದ್ದುದು ರೆಕ್ಕೆ ಉಳುಕಿದ ಬರೀ ಗಿಡುಗ, ಮಾತೂ ಇಲ್ಲ, ಮಂತ್ರವೂ ಇಲ್ಲ.

ದಳವಾಯಿ ಕತ್ತಿ ಎಳೆದ. ಅಜ್ಜಿ ಅಡ್ಡ ನಿಂತಳು. "ನನ್ನ ದೊಡ್ಡಿಗೆ ಬಂದ ಹಕ್ಕಿ ನನ್ನದು. ವಾಸಿ ಮಾಡಿ ಬೆಟ್ಟದಾಚೆ ಬಿಡ್ತೀನಿ. ಹೊಟ್ಟೆಗೆ ಇಲಿ ಹಿಡ್ಕೊಂಡು ಬದುಕ್ಲಿ."

ಹಾಗೆಯೇ ಮಾಡಿದಳು. ರಾಜ ರಾಜ್ಯದ ಪಂಜರಗಳನ್ನೆಲ್ಲ ಮುರಿಸಿ, ಕರಗಿಸಿ, ನೇಗಿಲ ಕುಳ ಮಾಡಿಸಿದ. ಈರಕ್ಕ ಸಂತೆಯಲ್ಲಿ ಯಾರ ಮುಖಕ್ಕೆ ಏನು ಬೇಕಾದರೂ ಅನ್ನುತ್ತ ನೂರು ವರ್ಷ ಬಾಳಿದಳು. ದ್ಯಾವಣ್ಣ ದೊಡ್ಡಿಯಲ್ಲೇ ಉಳಿದು, ಗಾಯಗೊಂಡ ಹಕ್ಕಿ ಸಾಕಿ, ವಾಸಿಯಾದವುಗಳ ಬಿಂಬ ತೆಗೆದು ಗೋಡೆಗೆ ನೇತುಹಾಕಿದ. ನೋಡಲು ಬಂದವರಿಗೆಲ್ಲ ಆ ಮೂರು ದಿನದ ಕತೆ ಹೇಳಿದ, ಪ್ರತಿ ಸಲವೂ ಗಿಡುಗಮಲ್ಲ ಒಂದು ಮೊಳ ದೊಡ್ಡವನಾದ. ಹವಳಕೋಟೆಯ ಜನ ಹೊಟ್ಟೆ ತುಂಬ ಉಂಡರು, ಬಾಯಿ ತುಂಬ ಮಾತಾಡಿದರು, ಯಾರಿಗೂ ಹೆದರದೆ ಸುಖವಾಗಿದ್ದರು.