ತಾತ ಕಂಡಿರದ ಹುಣಸೆ ಬೀಜ

ಕೋಲೇನೋ ಇತ್ತು. ಅದರ ಕೊನೆಯ ಹಿತ್ತಾಳೆ ಬಳೆ ಫಳಫಳ ಹೊಳೆಯುತ್ತಲೂ ಇತ್ತು. ಬಳೆಯ ಮೇಲಿದ್ದ, ನೀಲಿ ಬಣ್ಣ ಹಿಡಿದ ಚರ್ಮದ ತುದಿ ಮಾತ್ರ ಮಂಗಮಾಯ!

ಮುನೆಮ್ಮ ಕೋಲನ್ನು ತಿರುಗಿಸಿ ನೋಡಿದಳು. ತಲೆಕೆಳಗು ಮಾಡಿ ನೋಡಿದಳು. ಮೂಸಿಯೂ ನೋಡಿದಳು. ಹುಣಸೆಹಣ್ಣಿನ ವಾಸನೆ ಬಂತು.

ಅದು ಅಂತಿಂಥ ಕೋಲಲ್ಲ, ಗಂಗುಲಪ್ಪ ಚಿಕ್ಕಪ್ಪನ ಸ್ನೂಕರ್ ಕೋಲು. ಹಸಿರು ಬಟ್ಟೆ ಹೊದಿಸಿದ ದೊಡ್ಡ ಟೇಬಲ್ಲು, ಅದರ ಮೇಲೆ ಬಣ್ಣದ ಚೆಂಡುಗಳು. ಕೋಲಿನಿಂದ ಹೊಡೆದು ಚೆಂಡನ್ನು ತೂತಿಗೆ ಬೀಳಿಸಬೇಕು. ಅದನ್ನು ಆಡುವುದೇ ಚಿಕ್ಕಪ್ಪನ ಕೆಲಸ. ಹಿಂದೂಪುರದಲ್ಲಿ ಯಾರಿಗೆ ಹೇಳಿದರೂ, "ಸರಿ, ಕೆಲಸ ಏನು?" ಎಂದು ಇನ್ನೊಮ್ಮೆ ಕೇಳುತ್ತಿದ್ದರು.

ಹುಣಸೆ ಮಂಡಿಯ ನರಸಿಂಹಯ್ಯ ತಾತನಂತೂ ನಿನ್ನೆಯೇ ಮಗನಿಗೆ ಹೇಳಿಬಿಟ್ಟಿದ್ದರು. "ನೋಡ್ಲಾ, ನಾಳಿದ್ದು ಬೆಂಗಳೂರಾಗೆ ಮ್ಯಾಚು ಅಂತೀಯ. ಗೆದ್ರೆ ಆಡ್ಕೋ. ಸೋತ್ರೆ ಕೋಲು ಅಟ್ಟಕ್ಕೆ ಹಾಕಿ ಮಂಡಿಗೆ ಬಂದ್ಬುಡು."

ಇವತ್ತು ಆಯುಧಪೂಜೆ. ತಾತನ ತಕ್ಕಡಿ, ಕತ್ತಿ, ಸೈಕಲ್ಲು ಎಲ್ಲ ಬೆಳಿಗ್ಗೆಯೇ ಸ್ನಾನ ಮಾಡಿ ಮಿಂಚುತ್ತಿದ್ದವು. ಚಿಕ್ಕಪ್ಪನ ಕೋಲೊಂದೇ ಮಂಕಾಗಿತ್ತು. ಮುನೆಮ್ಮನಿಗೆ ಪಾಪ ಅನ್ನಿಸಿತು. ಚಿಕ್ಕಪ್ಪ ಟಿಕೆಟ್ ತರಲು ಸ್ಟೇಷನ್ನಿಗೆ ಹೋದದ್ದೇ ತಡ, ಅಡುಗೆಮನೆ ಬಾಗಿಲಲ್ಲಿ ನೆನೆಹಾಕಿದ್ದ ಹುಣಸೆಹಣ್ಣಿನಿಂದ ಹಿತ್ತಾಳೆಯನ್ನು ಗಸಗಸ ಉಜ್ಜಿದಳು. ಇನ್ನೂ ನೆನೆಯಲಿ ಎಂದು ಕೋಲಿನ ತುದಿಯನ್ನು ಬಟ್ಟಲಲ್ಲೇ ಅದ್ದಿಟ್ಟು, ಹೂ ಕೀಳಲು ಹೋದಳು. ಬಂದು ನೋಡಿದರೆ ಕೋಲು ಗೋಡೆಗೆ ಒರಗಿತ್ತು. ಬಟ್ಟಲು ಇರಲಿಲ್ಲ.

"ಅಜ್ಜಿ, ಇಲ್ಲಿದ್ದ ಬಟ್ಲು?"

"ಕಿವುಚಿ ಸಾರಿಗೆ ಹಾಕ್ದೆ ಕಣಮ್ಮ. ಅಡ್ಡ ಏನೋ ಕೋಲಿತ್ತು, ಸರಿಸಿಟ್ಟೆ. ನನ್ ಕನ್ನಡಕ ನೋಡಿದ್ಯಾ?"

ಮುನೆಮ್ಮ ಒಲೆಯ ಮೇಲೆ ಕುದಿಯುತ್ತಿದ್ದ ಸಾರಿನ ಕಡೆ ನೋಡಿದಳು.

ಚಿಕ್ಕಪ್ಪ ಬಂದ. ಕೋಲು ನೋಡಿದ. ಅಲ್ಲೇ ಕುಸಿದು ಕುಳಿತ. "ಇಲಿ ತಿಂದ್ಬುಟ್ಟಿರ್ಬೇಕು. ಬೆಂಗಳೂರಾಗೂ ಹಬ್ಬ, ಅಂಗ್ಡಿ ಬಾಗ್ಲು ಹಾಕಿರ್ತಾರೆ. ಬೆಳಿಗ್ಗೇನೇ ಮ್ಯಾಚು. ತುದಿ ಇಲ್ದೆ ಹೊಡೆದ್ರೆ ಚೆಂಡು ಎಲ್ಲಿಗೋ ಹೋಯ್ತದೆ."

ಇಲಿ! ಎಷ್ಟು ಒಳ್ಳೆಯ ಇಲಿ! ಸುಮ್ಮನಿದ್ದರೆ ಸಾಕಿತ್ತು. ಮುನೆಮ್ಮ ಸುಮ್ಮನೆಯೇ ಇದ್ದಳು.

ಪೂಜೆ ಮುಗಿಯಿತು. ಎಲ್ಲರೂ ಊಟಕ್ಕೆ ಕುಳಿತರು. ತಾತ ಅನ್ನ ಸಾರು ಕಲಸಿ ಬಾಯಿಗಿಟ್ಟರು. ಜಗಿದರು. ಮತ್ತೆ ಜಗಿದರು. ಆಮೇಲೆ ಬಾಯಿಂದ ಏನನ್ನೋ ತೆಗೆದು ಬೆಳಕಿಗೆ ಹಿಡಿದರು.

"ಏಮೇ ಇದಿ, ತಿಪ್ಪಕ್ಕ, ಏನಿದು?" ಎಂದು ಅಜ್ಜಿಯನ್ನು ಕೇಳಿದರು. "ನಲವತ್ತು ವರ್ಷದಿಂದ ಹುಣಸೆ ವ್ಯಾಪಾರ ಮಾಡ್ತಾ ಇವ್ನಿ, ಇಂಥ ಬೀಜ ನೋಡಿಲ್ಲ. ಗುಂಡಗದೆ, ಮೇಲೆ ನೀಲಿ ಬೇರೆ." ಇನ್ನೊಮ್ಮೆ ಹಲ್ಲಿಗೆ ಸಿಕ್ಕಿಸಿ ಪರೀಕ್ಷೆ ಮಾಡಿದರು. "ಆ ಪರಿಗಿ ಊರಿನ ಕಡೆ ಮಾಲು. ಅನುಮಾನವೇ ಇಲ್ಲ."

ಮುನೆಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಅದು ಬೀಜ ಅಲ್ಲ ತಾತ! ಚಿಕ್ಕಪ್ಪನ ಕೋಲಿನ ತುದಿ. ನಾನೇ ಹೊಳೀಲಿ ಅಂತ ಅದ್ದಿಟ್ಟಿದ್ದು. ಇಲಿ ಏನೂ ಮಾಡಿಲ್ಲ."

ಚಿಕ್ಕಪ್ಪ ಅದನ್ನು ಕೈಗೆ ತೆಗೆದುಕೊಂಡ. "ಅಪ್ಪಾ, ಅರ್ಧ ಅಗಿದ್ಬುಟ್ಟಿದ್ದೀಯ!"

"ಸರ್ಯಾಗಿ ಬೆಂದಿರ್ಲಿಲ್ಲ ಕಣ್ಲಾ," ಎಂದರು ತಾತ.

ಮುನೆಮ್ಮ ಅಳತೊಡಗಿದಳು. ಚಿಕ್ಕಪ್ಪ ಅವಳ ಜಡೆ ಮೆಲ್ಲಗೆ ಎಳೆದ. "ಅಳ್ಬೇಡ ಕಣಮ್ಮ, ನೀನೇನು ಬೇಕಂತ ಮಾಡಿದ್ಯಾ? ಬಿಡು, ಮಂಡಿಗೇ ಹೋಯ್ತೀನಿ." ಹಾಗೆನ್ನುವಾಗ ಅವನ ಮುಖ ಸಪ್ಪಗಿತ್ತು.

ತಾತ ಸರಕ್ಕನೆ ಎದ್ದರು. ಕೈ ತೊಳೆದರು. ತಮ್ಮ ಚಪ್ಪಲಿ ಒಂದನ್ನು ಎತ್ತಿಕೊಂಡು, ಪೂಜೆಗಿಟ್ಟಿದ್ದ ಕತ್ತಿಗೆ ಕೈ ಹಾಕಿದರು.

"ಅಯ್ಯಯ್ಯೋ!" ಅಜ್ಜಿ ಕೂಗಿದಳು. "ನಾಳೆವರ್ಗೂ ಮುಟ್ಟಂಗಿಲ್ಲ!"

ತಪ್ಪಿ ಯಾರಾದರೂ ಪೂಜೆಗಿಟ್ಟ ಸ್ಕ್ರೂಡ್ರೈವರ್ ಮುಟ್ಟಿದರೂ ಮನೆ ಹಾರಿಹೋಗುವಂತೆ ಕಿರುಚುವವರು ತಾತ. ಈಗ ತಾವೇ ಪಟಪಟ ಕೆನ್ನೆ ಬಡಿದುಕೊಂಡು, "ತಪ್ಪಾಯ್ತು ತಾಯಿ, ಎರಡೇ ನಿಮಿಷ," ಎಂದರು. ಚಪ್ಪಲಿಯ ಹಿಮ್ಮಡಿಯಿಂದ ಬೊಟ್ಟಿನಷ್ಟು ಚರ್ಮ ದುಂಡಗೆ ಕೊಯ್ದರು. ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದ ಸೈಕಲ್ ಪಂಕ್ಚರ್ ಅಂಟಿನ ಟ್ಯೂಬನ್ನೂ ಎತ್ತಿಕೊಂಡರು. ಅಂಟಿಸಿದ್ದು ಚಿಕ್ಕಪ್ಪ. ಊದಿ ಊದಿ ಒಣಗಿಸಿದ್ದು ಮುನೆಮ್ಮ.

ಇನ್ನು ಪರೀಕ್ಷೆ. ಖಾಲಿ ಸಾರಿನ ಪಾತ್ರೆಯನ್ನು ನೆಲದ ಮೇಲೆ ಮಲಗಿಸಿದರು. ಪೂಜೆಯ ನಿಂಬೆಹಣ್ಣೊಂದನ್ನು ಮುಂದಿಟ್ಟುಕೊಂಡು ಚಿಕ್ಕಪ್ಪ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ, ಟಕ್ ಎಂದು ಹೊಡೆದ. ನಿಂಬೆಹಣ್ಣು ಉರುಳಿತು, ಉರುಳಿತು, ಠಣ್!

"ಬಿತ್ತು!" ಎಂದು ಮೊದಲು ಕುಣಿದವರು ತಾತ. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ತಿಳಿದು, "ಬಿತ್ತು, ಅದಕ್ಕೇನೀಗ? ರೈಲಿಗೆ ಹೊತ್ತಾಯ್ತು, ಹೊರಡ್ಲಾ," ಎಂದು ಗದರಿದರು.

ಮೂರನೇ ದಿನ ಚಿಕ್ಕಪ್ಪ ಗೆದ್ದು ಬಂದ. "ಹೂಂ, ಆಡ್ಕೋ ಹೋಗು," ಎಂದರು ತಾತ. ಅಷ್ಟೇ.

ಮಾರನೆಯ ದಿನ ಮುನೆಮ್ಮ ಊಟದ ಡಬ್ಬಿ ಹಿಡಿದು ಮಂಡಿಗೆ ಹೋದಳು. ತಾತ ಒಂಟಿ ಚಪ್ಪಲಿಯನ್ನು ಪಕ್ಕದ ಮಂಡಿಯ ಕೊಂಡಪ್ಪನ ಮೂಗಿನ ಹತ್ತಿರ ಹಿಡಿದು, ತೂತಿಗೆ ಬೆರಳು ತೂರಿಸಿ ತೋರಿಸುತ್ತಿದ್ದರು. "ನೋಡಯ್ಯ, ಇಲ್ಲಿಂದ ಹೋದ ತುಂಡು ಬೆಂಗಳೂರಾಗೆ ಗೆದ್ದು ಬಂದದೆ!"

ಮುನೆಮ್ಮನನ್ನು ಕಂಡದ್ದೇ ಚಪ್ಪಲಿ ಕೆಳಗೆ ಬಿತ್ತು. ತಾತ ಗಬಕ್ಕನೆ ಅದರೊಳಗೆ ಕಾಲು ತೂರಿಸಿದರು. "ಗುಂಡು ತಳ್ಳೋದೂ ಒಂದು ಕೆಲ್ಸನೇನಮ್ಮ?"

ಮುನೆಮ್ಮ ಚಪ್ಪಲಿಯ ಕಡೆ ನೋಡಲಿಲ್ಲ.

"ಅಲ್ಲ ತಾತ," ಎಂದು ಹೇಳಿ, ಊಟದ ಡಬ್ಬಿ ಮುಂದಿಟ್ಟಳು.